ಕೆಡವುವ ಮುನ್ನ ಒಂದು ವಾರದ ಊಟ

ಕಟ್ಟುವವರನ್ನು ಕೊಂಡಾಡುವುದು ಲೋಕರೂಢಿ. ಅಡಿಗಲ್ಲಿನ ಮೇಲೆ ಅವರ ಹೆಸರು ಕೆತ್ತಿರುತ್ತದೆ, ಉದ್ಘಾಟನೆಯ ದಿನ ಅವರ ಕೊರಳಿಗೆ ಹಾರ ಬೀಳುತ್ತದೆ, ಮರುದಿನದ ಪತ್ರಿಕೆಯಲ್ಲಿ ಕತ್ತರಿ ಹಿಡಿದ ಅವರ ಚಿತ್ರ ಬರುತ್ತದೆ. ಇದ್ದುದನ್ನು ಕೆಡವದಂತೆ ತಡೆದವರಿಗಾದರೋ ಅಡಿಗಲ್ಲೂ ಇಲ್ಲ, ಹಾರವೂ ಇಲ್ಲ. ಅವರ ಸಾಧನೆಯನ್ನು ನೋಡಬೇಕೆಂದು ಹೊರಟವರ ಕಣ್ಣಿಗೆ ಬೀಳುವುದು ಮೊದಲಿನಿಂದಲೂ ಅಲ್ಲೇ ನಿಂತಿದ್ದ ಒಂದು ಹಳೆಯ ಕಟ್ಟಡ, ಅಷ್ಟೆ. ಕಟ್ಟಡವೆಂದರೆ ಹೊಸದು ಎಂದೇ ನಂಬಿಕೊಂಡಿದ್ದ ನಮ್ಮ ನಗರದ ಕಟ್ಟಡಗಳ ಇಲಾಖೆಯಲ್ಲಿ, ಹಳೆಯದನ್ನು ದುರಸ್ತಿ ಮಾಡಿ ಉಳಿಸಿಕೊಳ್ಳುವುದೂ ಇಂಜಿನಿಯರಿಂಗೇ ಎಂಬುದನ್ನು ಮೂರು ದಶಕಗಳ ಕಾಲ ಪಟ್ಟುಬಿಡದೆ ಸಾಧಿಸಿಕೊಂಡು ಬಂದವರು, ‘ಪರಿಸರಸ್ನೇಹಿ ನಿರ್ಮಾಣ’ ಎಂಬ ಮಾತು ಭಾಷಣಗಳಿಗೆ ಬರುವ ಬಹಳ ಮೊದಲೇ ಅದನ್ನು ಭಾಷಣವಿಲ್ಲದೆ ಮಾಡಿ ತೋರಿಸಿದವರು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಇಂಜಿನಿಯರ್. ಜವಾನರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವರು ‘ಬುತ್ತಿ ಮೇಡಂ’. ಈ ಅಡ್ಡಹೆಸರು ಅವರಿಗೆ ಗೊತ್ತಿಲ್ಲವೆಂದು ಹೊಸಬರು ಭಾವಿಸಿದ್ದಾರೆ. ಗೊತ್ತಿದೆ, ಇಷ್ಟವೂ ಆಗಿದೆ.

ಈ ಗ್ರಂಥದ ಸಂಪಾದಕ ಮಂಡಳಿಯವರು ಲೇಖನ ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಅಭಿನಂದನ ಗ್ರಂಥಗಳಲ್ಲಿ ಎಲ್ಲರೂ ಅಜಾತಶತ್ರುಗಳೇ, ಎಲ್ಲರೂ ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳೇ. ಅಂಥವರೆಲ್ಲ ಸೇರಿ ನಡೆಸಿದ ಇಲಾಖೆಯ ಚಾವಣಿಗಳು ಅದು ಹೇಗೆ ಸೋರುತ್ತವೋ ನಾನರಿಯೆ. ನಾನು ಅಂದಾಜು ವಿಭಾಗದಲ್ಲಿ ಕೂದಲು ನರೆಸಿಕೊಂಡವನು, ಒಂದು ವಿಶೇಷಣ ಬರೆಯಬೇಕಾದರೂ ಅದರ ಉದ್ದಗಲ ಕೇಳುವವನು. ಮೇಡಂ ಅವರು ಅಜಾತಶತ್ರುವಲ್ಲ. ಅವರ ಮೊದಲ ಶತ್ರುಗಳಲ್ಲಿ ನಾನೂ ಒಬ್ಬನಾಗಿದ್ದೆ. ಇಷ್ಟನ್ನು ಬರೆಯಲು ಅಡ್ಡಿಯಿಲ್ಲವೆಂದು ಸಂಪಾದಕರು ಒಪ್ಪಿದ್ದರಿಂದ ಲೇಖನಿ ಹಿಡಿದಿದ್ದೇನೆ.

ಮೇಡಂ ಅವರು ಸೇವೆಗೆ ಸೇರಿದ ವರ್ಷ ಇಲಾಖೆಯ ಹೊಸ ಕಚೇರಿ ಕಟ್ಟಿ ಮುಗಿದಿತ್ತು. ಎದುರಿಗೆ ಪೂರಾ ಗಾಜು, ಒಳಗೆ ಹೊಳೆಯುವ ನೆಲ. ಹೊಸದಾಗಿ ಬಂದ ಹೆಣ್ಣುಮಗಳಿಗೆ ಅಲ್ಲಿ ಮೇಜು ಹಾಕಲು ಜಾಗವಿಲ್ಲವೆಂದು, ಹಿಂಬದಿಯಲ್ಲಿದ್ದ ಹಳೆಯ ದಾಖಲೆ ಕೋಣೆಗೆ ಕಳುಹಿಸಿದರು. ಆ ದಾಖಲೆ ಕೋಣೆಯೋ, ಕೆಡವಬೇಕಾದ ಕಟ್ಟಡಗಳ ಯಾದಿಯಲ್ಲಿ ಮೊದಲ ಸಾಲಿನಲ್ಲಿದ್ದದ್ದು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗೀಟು ಎಳೆದಿತ್ತು. ಮೇಡಂ ಆ ಗೀಟಿನ ಕೆಳಗೇ ಮೇಜು ಹಾಕಿಸಿಕೊಂಡು ಕುಳಿತರು. ಕೆಡವುವ ಮುನ್ನ ಬೇರೆ ಕಡೆ ಜಾಗ ಕೊಡುತ್ತೇವೆ ಎಂದು ಮೇಲಿನವರು ಹೇಳಿದ್ದರು. ಯಾವುದನ್ನು ಮೊದಲು ಮಾಡುತ್ತಾರೋ ಎಂದು ನಾವು ಗಾಜಿನ ಒಳಗಿನಿಂದ ನೋಡುತ್ತ ನಗುತ್ತಿದ್ದೆವು.

ಬೇಸಗೆ ಬಂತು. ಗಾಜಿನ ಕಚೇರಿಯಲ್ಲಿ ನಮ್ಮ ಅಂಗಿ ಬೆನ್ನಿಗೆ ಅಂಟಿತು. ಫ್ಯಾನು ಸುತ್ತಿದಷ್ಟೂ ಬಿಸಿಗಾಳಿಯೇ ಮುಖಕ್ಕೆ ಹೊಡೆಯುತ್ತಿತ್ತು, ಕರೆಂಟು ಹೋದರೆ ಅದೂ ಇಲ್ಲ. ಹಿಂಬದಿಯ ದಾಖಲೆ ಕೋಣೆಯಲ್ಲಿ ಮೊಳದಗಲದ ಗೋಡೆ, ಎತ್ತರದ ಚಾವಣಿ, ನೆತ್ತಿಯ ಹತ್ತಿರ ಬಿಸಿಗಾಳಿ ಹೊರಹೋಗುವ ಸಣ್ಣ ಕಿಂಡಿಗಳು. ಅಲ್ಲಿ ಫ್ಯಾನು ಇರಲೇ ಇಲ್ಲ, ಬೇಕಾಗಿಯೂ ಇರಲಿಲ್ಲ. ಮೊದಲು ಒಬ್ಬ ಟೈಪಿಸ್ಟ್ ತನ್ನ ಊಟದ ಡಬ್ಬಿ ತೆಗೆದುಕೊಂಡು ಅತ್ತ ಹೋದಳು. ಆಮೇಲೆ ನಕ್ಷೆ ವಿಭಾಗದವರು ಹೋದರು. ಕೊನೆಕೊನೆಗೆ, ಗೋಡೆಯ ಮೇಲೆ ಕೆಂಪು ಗೀಟು ಎಳೆಸಿದ್ದ ಮುಖ್ಯ ಇಂಜಿನಿಯರ್ ಸಾಹೇಬರೇ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಡಬ್ಬಿ ಹಿಡಿದು ಬಂದರು. ಸಾಹೇಬರು ಅಲ್ಲಿ ಒಂದು ವಾರ ಉಂಡರು. ವಾರದ ಕೊನೆಗೆ ಮೇಡಂ, ಬಹಳ ವಿನಯದಿಂದಲೇ, ಇದನ್ನ ಕೆಡವಿದ ಮೇಲೆ ನಾವೆಲ್ಲ ಊಟಕ್ಕೆ ಎಲ್ಲಿ ಕೂರೋಣ ಸರ್ ಎಂದು ಕೇಳಿದರಂತೆ. ಸಾಹೇಬರು ಕೈ ತೊಳೆದು ಬಂದು ಯಾದಿಯಿಂದ ಆ ಸಾಲನ್ನು ಹೊಡೆದು ಹಾಕಿದರು.

ಮೇಡಂ ಅವರ ಜೀವಮಾನದ ಪದ್ಧತಿ ಹುಟ್ಟಿದ್ದು ಆ ವಾರದಲ್ಲಿ. ಯಾವ ಕಟ್ಟಡವನ್ನಾದರೂ ಕೆಡವಬೇಕೆಂದು ಸಹಿ ಹಾಕುವ ಇಂಜಿನಿಯರ್, ಅದಕ್ಕೆ ಮೊದಲು ಒಂದು ವಾರ ಮಧ್ಯಾಹ್ನದ ಊಟವನ್ನು ಆ ಕಟ್ಟಡದಲ್ಲೇ, ಅದನ್ನು ಬಳಸುವವರ ಜೊತೆಯಲ್ಲೇ ಮಾಡಬೇಕು. ಇದು ಯಾವ ನಿಯಮಾವಳಿಯಲ್ಲೂ ಇಲ್ಲ. ಮೊದಲು ಅವರೊಬ್ಬರೇ ಪಾಲಿಸಿದರು, ಅನಂತರ ಅವರ ಕೈಕೆಳಗಿನವರು ವಿಧಿಯಿಲ್ಲದೆ ಪಾಲಿಸಿದರು, ಕೊನೆಗೆ ಪಾಲಿಸದೆ ಸಹಿ ಹಾಕಿದವರನ್ನು ಉಳಿದವರು ಓರೆಗಣ್ಣಿನಿಂದ ನೋಡುವಷ್ಟು ಅದು ರೂಢಿಯಾಯಿತು. ಉಂಡವರೆಲ್ಲ ಕಟ್ಟಡವನ್ನು ಉಳಿಸಿದರೆಂದಲ್ಲ. ಒಮ್ಮೆ ಒಂದು ಹೆರಿಗೆ ಆಸ್ಪತ್ರೆಯ ಹಳೇ ಭಾಗದಲ್ಲಿ ಎರಡನೆಯ ದಿನವೇ ತಟ್ಟೆಗೆ ಚಾವಣಿಯ ಚೂರು ಬಿತ್ತು. ಮೇಡಂ ಎದ್ದು ಹೋಗಿ ಅಂದೇ ಎಲ್ಲರನ್ನೂ ಹೊರಗೆ ಕಳುಹಿಸಿ, ಸಂಜೆಯೊಳಗೆ ಸಹಿ ಹಾಕಿದರು. ಅವರ ವರದಿಗಳು ಚಿಕ್ಕವು. ಉಳಿಸಬೇಕಾದ ಕಟ್ಟಡವಾದರೆ ಕೊನೆಯಲ್ಲಿ ಒಂದೇ ಒಕ್ಕಣೆ: ‘ಬಳಕೆಯಲ್ಲಿದೆ. ಕೆಡವಲು ಕಾರಣವಿಲ್ಲ.’ ವಯಸ್ಸಾಗಿದೆ ಎಂಬುದನ್ನು ಅವರು ಎಂದೂ ಒಂದು ಕಾರಣವೆಂದು ಒಪ್ಪಿದವರಲ್ಲ.

ನನ್ನ ಮತ್ತು ಅವರ ಜಗಳ ಇಟ್ಟಿಗೆಯದು. ಕೆಡವಲೇಬೇಕಾದ ಕಟ್ಟಡದ ಇಟ್ಟಿಗೆ, ತೊಲೆ, ಬಾಗಿಲುಗಳನ್ನು ಜೋಪಾನವಾಗಿ ಬಿಡಿಸಿ ಇನ್ನೊಂದು ಕಡೆ ಬಳಸಬೇಕೆಂದು ಅವರ ವಾದ. ಇಲಾಖೆಯ ದರಪಟ್ಟಿಯಲ್ಲಿ ಹೊಸ ಇಟ್ಟಿಗೆಗೆ ದರವಿದೆ, ಹಳೆಯದಕ್ಕೆ ಇಲ್ಲ. ದರವಿಲ್ಲದ್ದು ಇಲಾಖೆಯ ಕಣ್ಣಿಗೆ ಇಲ್ಲವೇ ಇಲ್ಲ ಎಂದು ನನ್ನ ವಾದ. ಹೀಗಾಗಿ ಒಳ್ಳೆಯ ಇಟ್ಟಿಗೆ ಲಾರಿಗಟ್ಟಲೆ ಊರಾಚೆಯ ಹಳ್ಳ ಮುಚ್ಚಲು ಹೋಗುತ್ತಿತ್ತು, ಅದೇ ದಾರಿಯಲ್ಲಿ ಅದಕ್ಕಿಂತ ಕಳಪೆಯ ಹೊಸ ಇಟ್ಟಿಗೆ ಒಳಗೆ ಬರುತ್ತಿತ್ತು. ನಾನು ಅವರ ಪ್ರಸ್ತಾವವನ್ನು ಸತತವಾಗಿ ವಾಪಸು ಕಳುಹಿಸಿದೆ. ಒಂದು ದಿನ ಅವರು ನನ್ನ ಮೇಜಿನ ಮುಂದೆ ಹಳೆಯ ಇಟ್ಟಿಗೆ ತುಂಬಿದ ಒಂದು ಗೋಣಿಚೀಲ ಇಳಿಸಿ, ಒಂದು ಸುತ್ತಿಗೆಯನ್ನು ನನ್ನ ಕೈಗಿತ್ತರು. “ದರ ಇಲ್ಲ ಅಂತೀರಲ್ಲ, ಬನ್ನಿ, ಮಾಡೋಣ,” ಎಂದರು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಇಬ್ಬರೂ ಇಟ್ಟಿಗೆಗಳ ಮೇಲಿನ ಗಾರೆ ಕೆರೆದೆವು. ಸುಣ್ಣದ ಗಾರೆ ಚರ್ಮದ ಹಾಗೆ ಸಲೀಸಾಗಿ ಸುಲಿದು ಬಂತು. ಸಿಮೆಂಟಿನದ್ದು ಇಟ್ಟಿಗೆಯನ್ನೇ ಕಚ್ಚಿಕೊಂಡು ಮುರಿಯಿತು. ಒಬ್ಬ ಮನುಷ್ಯ ಒಂದು ದಿನದಲ್ಲಿ ಎಷ್ಟು ಕೆರೆಯಬಲ್ಲ ಎಂಬುದು ನನಗೆ ಬೆರಳಿಗೆ ಬೊಬ್ಬೆ ಎದ್ದ ಮೇಲೆ ಗೊತ್ತಾಯಿತು. ಹಳೆಯ ಇಟ್ಟಿಗೆಗೆ ನಮ್ಮ ದರಪಟ್ಟಿಯಲ್ಲಿ ಹೀಗೆ ಒಂದು ಸಾಲು ಬಂತು. ಅದರಲ್ಲಿ ನನ್ನ ಪಾಲೂ ಇದೆ ಎಂದು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತೇನೆ.

ಉಪಕಾರ ಸ್ಮರಣೆಯಿಲ್ಲದೆ ಇಂಥ ಲೇಖನ ಪೂರ್ಣವಾಗದಂತೆ. ಹಾಗಿದ್ದರೆ ನನ್ನ ತಂದೆಯವರ ವಿಷಯ ಹೇಳಬೇಕು. ಅವರಿಗೆ ಲಕ್ವ ಹೊಡೆದು ಮಹಡಿ ಹತ್ತಲಾರದಂತಾದಾಗ, ಹಿತ್ತಲಿನ ಮರ ಕಡಿದು ಕೆಳಗೊಂದು ಕೋಣೆ ಕಟ್ಟಿಸಲು ನಾನು ನಕ್ಷೆ ಹಾಕಿದ್ದೆ. ಭಾನುವಾರ ಬೆಳಿಗ್ಗೆ ಮೇಡಂ ಅಳತೆಯ ಟೇಪು ಹಿಡಿದು ಮನೆಗೆ ಬಂದರು. ಮನೆಯೆಲ್ಲ ಸುತ್ತಿ, ಅಪ್ಪನನ್ನು ದಿನವಿಡೀ ಏನು ಮಾಡುತ್ತೀರಿ, ಎಲ್ಲಿ ಕೂರಲು ಇಷ್ಟ ಎಂದು ಕೇಳಿ, ಬೀದಿಗೆ ಕಿಟಕಿಯಿದ್ದ ಮುಂದಿನ ಹಜಾರವನ್ನು ಅವರಿಗೆ ಬಿಡಿಸಿಕೊಟ್ಟರು. ನಮ್ಮ ಸೋಫಾಗಳಿಗೆ ಮಹಡಿಯ ದಾರಿ ತೋರಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ನಾವು ಕಾಲು ಚಾಚುವ ಮೊದಲು ಹಾಸಿಗೆ ಎಷ್ಟಿದೆ ಎಂದು ನೋಡುವುದೇ ಇಲ್ಲ ಎಂದು ಗೊಣಗಿದರು. ಮುಂದಿನ ವಾರ ಗುಜರಿಗೆ ಹಾಕಿದ ಒಂದು ಬಸ್ಸಿನ ಕಂಬಿಯನ್ನು ತರಿಸಿ, ಮಂಚದಿಂದ ಬಚ್ಚಲಿನವರೆಗೆ ಗೋಡೆಗೆ ಹೊಡೆಸಿದರು. ಅಪ್ಪ ಅದನ್ನು ಹಿಡಿದು ಮೊದಲ ಸಲ ತಾವೇ ಬಚ್ಚಲಿಗೆ ಹೋದ ದಿನ ನನ್ನ ಹೆಂಡತಿ, “ಮಾವ, ಟಿಕೆಟ್ ತಗೊಂಡ್ರಾ?” ಎಂದಳು. ಅಪ್ಪ ಕಾಯಿಲೆ ಬಿದ್ದ ಮೇಲೆ ನಕ್ಕದ್ದು ಅಂದೇ. ಅವರು ಹೋಗಿ ವರ್ಷಗಳಾದವು. ಆ ಕಂಬಿಯ ಮೇಲೆ ಈಗ ಟವೆಲು ಒಣಗುತ್ತದೆ, ಹಿತ್ತಲಿನಲ್ಲಿ ಮರವಿದೆ. ನನಗೆ ಮೇಡಂ ಅವರ ಮೇಲಿರುವ ಪ್ರೀತಿಯ ಅಳತೆ ಬೇಕಾದವರು ಬಂದು ಎರಡನ್ನೂ ನೋಡಬಹುದು.

ಹಾಗೆಂದು ಅವರು ತಪ್ಪೇ ಮಾಡದವರಲ್ಲ. ಅವರು ಮಾಡಿದ ದೊಡ್ಡ ತಪ್ಪು ಉಳಿಸುವವರಿಗೆ ಮಾತ್ರ ಸಾಧ್ಯವಾಗುವಂಥದ್ದು. ಬಿಡಿಸಿದ ಬಾಗಿಲು, ಚೌಕಟ್ಟು, ತೊಲೆಗಳಿಗಾಗಿ ಇಲಾಖೆಯ ಅಂಗಳವೊಂದನ್ನು ಹಿಡಿದುಕೊಂಡಿದ್ದರು. ಯಾವುದನ್ನೂ ಬೇಡವೆನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಯಾರಿಗೂ ಬೇಡವಾದ ಕಿಟಕಿ, ಒಂಟಿ ಬಾಗಿಲು, ಹಿಡಿಯಿಲ್ಲದ ಕಪಾಟು ಎಲ್ಲವೂ ಬಂದು ಸೇರಿದವು. ಎಲ್ಲಿಂದಲೋ ಬಂದ ಒಂದು ಗೆದ್ದಲು ಹತ್ತಿದ ಚೌಕಟ್ಟನ್ನು, ಕೆಟ್ಟ ತುದಿ ಕತ್ತರಿಸಿದರೆ ಚೆನ್ನಾಗಿದೆ ಎಂದು ಒಳಗೆ ಬಿಟ್ಟುಕೊಂಡರು. ಅತಿಯಾದರೆ ಅಮೃತವೂ ವಿಷ. ಗೆದ್ದಲು ಅಂಗಳವನ್ನೆಲ್ಲ ತಿಂದಿತು. ಒಂದು ಊರಿಗೆ ಸಾಲುವಷ್ಟು ಬಾಗಿಲುಗಳು ಕೈಯಿಟ್ಟರೆ ಪುಡಿಯಾಗುತ್ತಿದ್ದವು. ಬೇರೆಯವರಾಗಿದ್ದರೆ ಕಾವಲುಗಾರನ ತಲೆಗೆ ಕಟ್ಟುತ್ತಿದ್ದರು. ಇವರು ಎಲ್ಲರನ್ನೂ ಕರೆದು, ತಪ್ಪು ನನ್ನದು, ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದ್ದನ್ನು ಉಳಿಸುವುದು ಉಳಿಸುವುದಲ್ಲ, ಕೊಳೆಹಾಕುವುದು ಎಂದರು. ಅಂದಿನಿಂದ ಹೋಗಿ ಸೇರುವ ಜಾಗ ನಿಶ್ಚಯವಾಗದೆ ಒಂದು ಮೊಳೆಯನ್ನೂ ಕೀಳಬಾರದೆಂದು ಕಟ್ಟಪ್ಪಣೆ ಮಾಡಿದರು. ಆ ಕೆಲವು ತಿಂಗಳು ಅವರು ನಗುವುದನ್ನು ನಾನು ನೋಡಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಟ್ಟಡಗಳನ್ನು ಪರೀಕ್ಷಿಸುವುದು, ದುರಸ್ತಿ ಮಾಡುವುದು, ಕೆಡವಲೇಬೇಕಾದರೆ ಕ್ರಮವಾಗಿ ಬಿಡಿಸುವುದು, ಇವನ್ನು ಕಲಿಸಲು ಒಂದು ಶಾಲೆ ಬೇಕೆಂದು ಮೇಡಂ ಸೇವೆಯ ಅರ್ಧ ಕಾಲ ಕೇಳುತ್ತಲೇ ಇದ್ದರು. ತಮ್ಮ ನಂತರ ಈ ಕೆಲಸ ನಿಂತುಹೋಗುತ್ತದೆ ಎಂಬುದೊಂದೇ ಅವರಿಗಿದ್ದ ಭಯ. ಅವರಿಗೆ ಬೇರೆ ಆಸೆಗಳಿದ್ದುದನ್ನು ನಾನು ಕಾಣೆ. ಪತಿಯವರು ತಮಾಷೆಗೆ, ನಮ್ಮನೇಲಿ ಮೂರು ಮಕ್ಕಳು, ಇಬ್ಬರು ಹುಟ್ಟಿದ್ದಾರೆ, ಶಾಲೆ ಒಂದು ಹುಟ್ಟಬೇಕಿದೆ ಎನ್ನುತ್ತಿದ್ದರು. ಕಳೆದ ವರ್ಷ ಅದು ಮಂಜೂರಾಯಿತು. ಒಂದು ಕಾಲಕ್ಕೆ ಅವರ ಕೈಕೆಳಗೆ ತರಬೇತಿ ಪಡೆದಿದ್ದ ಈಗಿನ ನಿರ್ದೇಶಕರು, ಗುರುದಕ್ಷಿಣೆಯೆಂಬಂತೆ ಊಟ ನಿದ್ದೆ ಬಿಟ್ಟು ಓಡಾಡಿ ಅದನ್ನು ತಂದರು. ಚಾವಣಿಯ ಮೇಲೆ ಗಿಡಗಳು, ಬಿಸಿಲಿನಿಂದ ವಿದ್ಯುತ್ತು, ಬಳಸಿದ ನೀರಿನ ಮರುಬಳಕೆ, ಬಾಗಿಲ ಮೇಲೆ ಮೇಡಂ ಅವರ ಹೆಸರು. ನಕ್ಷೆ ನಿಜಕ್ಕೂ ಚೆಲುವಾಗಿತ್ತು.

ಜಾಗ ಮಾತ್ರ ನಗರದ ನಡುವಿನ ಹಳೆಯ ಬಸ್ ವರ್ಕ್‌ಶಾಪಿನದು. ಅದನ್ನು ಕೆಡವಿ ಶಾಲೆ ಕಟ್ಟುವುದು, ವರ್ಕ್‌ಶಾಪನ್ನು ಊರ ಅಂಚಿಗೆ ಸಾಗಿಸುವುದು ಎಂದು ತೀರ್ಮಾನ. ಕೆಡವಬಹುದೆಂದು ಸಹಿ ಹಾಕುವ ಅಧಿಕಾರ ಮೇಡಂ ಅವರದೇ.

“ಒಂದು ಸಹಿ ಮೇಡಂ,” ಎಂದರು ನಿರ್ದೇಶಕರು. “ದುಡ್ಡು ಹೊಸ ಕಟ್ಟಡಕ್ಕೆ ಅಂತಲೇ ಬಂದಿರೋದು. ದುರಸ್ತಿಗೆ ಬಳಸೋ ಹಾಗಿಲ್ಲ, ಬೇರೆ ಜಾಗ ನೋಡೋಷ್ಟು ಟೈಮೂ ಇಲ್ಲ. ಮಾರ್ಚ್ ದಾಟಿದ್ರೆ ವಾಪಸ್ ಹೋಗುತ್ತೆ.”

“ಊಟ ಮಾಡ್ಕೊಂಡು ಬರ್ತೀನಿ,” ಎಂದರು ಮೇಡಂ.

ಆ ವಾರ ನಾನೂ ಡಬ್ಬಿ ಹಿಡಿದು ಅವರ ಜೊತೆ ಹೋದೆ. ವರ್ಕ್‌ಶಾಪು ಉದ್ದನೆಯ ಕಟ್ಟಡ; ಕಬ್ಬಿಣದ ತೊಲೆಗಳ ಮೇಲೆ ಗರಗಸದ ಹಲ್ಲಿನಂತೆ ಏರಿಳಿಯುವ ಚಾವಣಿ, ಪ್ರತಿ ಹಲ್ಲಿನ ನೇರ ಬದಿಗೂ ಗಾಜು. ಹಗಲಿನಲ್ಲಿ ಒಂದು ದೀಪವನ್ನೂ ಹೊತ್ತಿಸದೆ ಬಸ್ಸಿನ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಬಹುದಾದ ಬೆಳಕು. ಮೇಡಂ ಏಣಿ ಹತ್ತಿ ತೊಲೆಗಳ ತುಕ್ಕು ಕೆರೆದು ನೋಡಿದರು, ತುಕ್ಕು ಬಣ್ಣದಷ್ಟೇ ಆಳ ಹೋಗಿತ್ತು. ಊಟಕ್ಕೆ ಟಯರುಗಳ ಮೇಲೆ ಕುಳಿತೆವು. ಕಟ್ಟಡವನ್ನು ಉಳಿಸಿರೆಂದು ಅಲ್ಲಿ ಯಾರೂ ನಮ್ಮ ಕಾಲು ಹಿಡಿಯಲಿಲ್ಲ. ಹಿರಿಯ ಮೆಕ್ಯಾನಿಕ್ ತನ್ನ ಡಬ್ಬಿಯಿಂದ ತಲೆಯೆತ್ತದೆ, ಹೊಸದು ಬಂದರೆ ಒಳ್ಳೆಯದೇ, ಇಲ್ಲಿನ ಶೌಚಾಲಯ ನೋಡಿದರೆ ನೀವೂ ಈಗಲೇ ಸಹಿ ಹಾಕಿಬಿಡುತ್ತೀರಿ ಎಂದ. ಮೇಡಂ ಎದ್ದು ಹೋಗಿ ನೋಡಿ ಬಂದರು. “ಹಾಕ್ತೀನಿ,” ಎಂದರು, “ಶೌಚಾಲಯಕ್ಕೆ ಮಾತ್ರ.”

ಉಳಿದ ದಿನಗಳಲ್ಲಿ ಬಸ್ಸುಗಳ ಓಡಾಟ ಕೇಳಿದರು. ಊರಿನ ಮಾರ್ಗಗಳೆಲ್ಲ ಈ ನಡುವಿನಿಂದಲೇ ಹೊರಡುತ್ತವೆ. ವರ್ಕ್‌ಶಾಪು ಅಂಚಿಗೆ ಹೋದರೆ, ಕೆಟ್ಟ ಬಸ್ಸು ಅಷ್ಟು ದೂರ ಖಾಲಿ ಹೋಗಬೇಕು, ಸರಿಯಾದದ್ದು ಖಾಲಿ ವಾಪಸು ಬರಬೇಕು, ಕಟ್ಟಡ ಇರುವಷ್ಟು ಕಾಲವೂ ದಿನಾ ಹೀಗೆಯೇ. ಹೊಸ ಶಾಲೆಯ ಚಾವಣಿಯ ಬಿಸಿಲಿನ ವಿದ್ಯುತ್ತು ಉಳಿಸಿದಷ್ಟನ್ನೂ ಈ ಖಾಲಿ ಬಸ್ಸುಗಳು ರಸ್ತೆಯಲ್ಲಿ ಸುಡುತ್ತವೆ ಎಂಬುದಕ್ಕೆ ದೊಡ್ಡ ಲೆಕ್ಕವೇನೂ ಬೇಕಿರಲಿಲ್ಲ. ಮೇಡಂ ಅವರ ತುತ್ತುಗಳು ದಿನದಿನಕ್ಕೆ ಚಿಕ್ಕವಾದವು. ಕೊನೆಯ ದಿನ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ.

ನಾನು ಸುಮ್ಮನಿರಲಾರದೆ ಹೇಳಿದೆ. “ಸಹಿ ಹಾಕ್ಬಿಡಿ ಮೇಡಂ. ಒಂದು ಕಟ್ಟಡ ಹೋದ್ರೆ ಹೋಗ್ಲಿ. ಆ ಶಾಲೆಯಿಂದ ನೂರು ಕಟ್ಟಡ ಉಳಿಸೋರು ಬರ್ತಾರೆ.” ಇದನ್ನು ನಾನು ಮುಖಸ್ತುತಿಗೆ ಹೇಳಿದ್ದಲ್ಲ. ಅದು ಸರಿಯಾದ ವಾದವೆಂದು ಇಂದಿಗೂ ನನ್ನ ಒಂದು ಮನಸ್ಸು ಹೇಳುತ್ತದೆ.

ಅವರು ತೆರೆಯದ ಡಬ್ಬಿಯನ್ನು ಚೀಲಕ್ಕೆ ಹಾಕಿದರು. “ಬರ್ತಾರೆ, ನಿಜ,” ಎಂದರು. “ಮೊದಲನೇ ದಿನ ಪಾಠ ಶುರು ಮಾಡ್ತೀನಿ. ಒಬ್ಬಳು ಹುಡುಗಿ ಎದ್ದು, ಮೇಡಂ, ಇಲ್ಲಿ ಮುಂಚೆ ಏನಿತ್ತು ಅಂತ ಕೇಳ್ತಾಳೆ. ಅವಳಿಗೆ ಏನು ಹೇಳ್ಲಿ?”

ಮರುದಿನ ವರದಿ ಹೋಯಿತು. ಶೌಚಾಲಯ ಹೊಸದಾಗಿ ಕಟ್ಟಬೇಕು, ಚಾವಣಿಯ ಒಡೆದ ಗಾಜು ಬದಲಿಸಬೇಕು. ಬಳಕೆಯಲ್ಲಿದೆ. ಕೆಡವಲು ಕಾರಣವಿಲ್ಲ. ಮಾರ್ಚ್ ದಾಟಿತು, ದುಡ್ಡು ವಾಪಸು ಹೋಯಿತು, ಶಾಲೆಯೂ ಅದರ ಜೊತೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಬಾಯಿಯ ಹತ್ತಿರ ಬಂದ ತುತ್ತನ್ನು ತಾವೇ ಕೆಳಗಿಟ್ಟವರನ್ನು ನಾನು ಕಂಡದ್ದು ಅದೊಂದೇ ಸಲ. ಅಂದು ಅವರು ಅತ್ತರು ಎಂದು ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಿರ್ದೇಶಕರು ತಿಂಗಳುಗಟ್ಟಲೆ ಅವರೊಡನೆ ಕಡತದ ಮೂಲಕ ಮಾತ್ರ ಮಾತಾಡಿದರು. ಇಷ್ಟು ಹಠ ಒಳ್ಳೆಯದಲ್ಲವೆಂದು ಕಚೇರಿಯಲ್ಲಿ ಹಲವರು ಆಡಿಕೊಂಡರು. ಬಸ್ಸುಗಳು ಎಂದಿನಂತೆ ನಗರದ ನಡುವೆಯೇ ರಿಪೇರಿಯಾಗಿ ಎಂದಿನಂತೆ ಹೊರಟವು, ಆದ್ದರಿಂದ ಊರಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ಕಳೆದ ವಾರ ವರ್ಕ್‌ಶಾಪಿನವರು ಮೇಡಂ ಅವರನ್ನು ಊಟಕ್ಕೆ ಕರೆದಿದ್ದರು. ವೇದಿಕೆಯಿಲ್ಲ, ಮೈಕಿಲ್ಲ, ಎಲ್ಲರೂ ಅವರವರ ಡಬ್ಬಿ ತರಬೇಕೆಂದು ಅಪ್ಪಣೆಯಾಗಿತ್ತು. ನಾವು ಟಯರುಗಳ ಮೇಲೆ ಕುಳಿತು ಅರ್ಧ ಉಂಡಿದ್ದಾಗ ನಿರ್ದೇಶಕರು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ಮೇಡಂ ತಾವು ಕುಳಿತಿದ್ದ ಟಯರಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು. ನಿರ್ದೇಶಕರು ಕುಳಿತು, ಉಂಡು, ಚಾವಣಿಯ ಬೆಳಕನ್ನು ನೋಡಿದರು. ಆಮೇಲೆ ಡಬ್ಬಿಯ ಕಡೆ ಮುಖ ಮಾಡಿಕೊಂಡೇ, “ಆ ಮೂಲೇಲಿ ಹಳೇ ಟಯರ್ ಗೋದಾಮು ಖಾಲಿ ಬಿದ್ದಿದೆಯಂತೆ ಮೇಡಂ,” ಎಂದರು. “ಬೆಂಚು ನಾನು ಕೊಡಿಸ್ತೀನಿ. ಪಾಠ ಶುರು ಮಾಡ್ತೀರಾ?”

ಬೇರೆ ಯಾರಾದರೂ ಎದ್ದು ಕೈಮುಗಿಯುತ್ತಿದ್ದರು. ಮೇಡಂ ಗೋದಾಮಿನ ಕಡೆ ತಿರುಗಿ, ಗೋಡೆಯ ಒಂದು ಬಿರುಕನ್ನು ಕಣ್ಣು ಕಿರಿದು ಮಾಡಿ ನೋಡಿದರು.

“ಒಂದು ವಾರ ಊಟ ಮಾಡಿ ನೋಡಿ ಹೇಳ್ತೀನಿ,” ಎಂದರು.

ಇದನ್ನು ಬರೆಯುತ್ತಿರುವ ಹೊತ್ತಿಗೆ ಅವರು ದಿನಾ ಮಧ್ಯಾಹ್ನ ಆ ಗೋದಾಮಿನಲ್ಲಿ ಉಣ್ಣುತ್ತಿದ್ದಾರೆ. ವರದಿ ಇನ್ನೂ ಬಂದಿಲ್ಲ. ಬೆಂಚುಗಳಿಗಾಗಿ ಇಬ್ಬರು ಕಿರಿಯ ಇಂಜಿನಿಯರುಗಳು ಹಳೆಯ ಬಸ್ಸುಗಳ ಸೀಟು ಅಳೆಯುತ್ತಿದ್ದುದನ್ನು ಮಾತ್ರ ನಾನು ನೋಡಿದೆ.

ನಿವೃತ್ತಿಯ ಆದೇಶ ಅವರ ಕೈಸೇರಿದ ದಿನ ನಾನು ಅವರ ಕೋಣೆಯಲ್ಲಿದ್ದೆ, ಅದೇ ಹಳೆಯ ದಾಖಲೆ ಕೋಣೆಯಲ್ಲಿ. ಗೋಡೆಯ ಕೆಂಪು ಗೀಟು ಇನ್ನೂ ಮಾಸಲಾಗಿ ಕಾಣುತ್ತದೆ. ಮೇಡಂ ಕನ್ನಡಕ ಹಾಕಿಕೊಂಡು ಆದೇಶವನ್ನು ಎರಡು ಸಲ ಓದಿದರು. ಅದರಲ್ಲಿ ಕೊಟ್ಟಿದ್ದ ಕಾರಣ ಒಂದೇ, ವಯಸ್ಸು. “ಇದಕ್ಕೆ ಸಹಿ ಹಾಕಿದೋರು ಯಾರೂ ನನ್ನ ಜೊತೆ ಒಂದು ವಾರ ಊಟಕ್ಕೆ ಕೂತಿಲ್ಲ,” ಎಂದು ನಕ್ಕು, ಕಾಗದವನ್ನು ಮಡಿಸಿ ಡಬ್ಬಿಯ ಚೀಲದೊಳಗಿಟ್ಟರು.

ಆ ಮಾತಿಗೆ ಇಲ್ಲಿ ಉತ್ತರಿಸುತ್ತೇನೆ. ಶತಾಯುಷಿಗಳಾಗಿ ಬಾಳಲಿ ಎಂದು ಹಾರೈಸಲು ಹಿರಿಯರು ಈ ಗ್ರಂಥದಲ್ಲಿ ಸಾಕಷ್ಟು ಮಂದಿ ಇದ್ದಾರೆ, ಅವರ ಹಾರೈಕೆ ಫಲಿಸಲಿ. ನನಗೆ ಹಾರೈಕೆಗಿಂತ ವರದಿ ಬರೆಯುವುದು ಚೆನ್ನಾಗಿ ಬರುತ್ತದೆ. ನಾನು ಒಂದು ವಾರವಲ್ಲ, ಅವರ ಸೇವಾವಧಿಯ ಬಹುಪಾಲು ಮಧ್ಯಾಹ್ನಗಳಲ್ಲಿ ಅವರ ಎದುರು ಕುಳಿತು ಉಂಡಿದ್ದೇನೆ. ಅಲ್ಲಲ್ಲಿ ಬಿರುಕುಗಳಿವೆ, ಮಂಡಿಯಲ್ಲಿ ಸ್ವಲ್ಪ ಸದ್ದಿದೆ, ಹಠ ಮೊದಲಿನಷ್ಟೇ ಇದೆ. ಹೋಗಿ ಸೇರುವ ಜಾಗ ನಿಶ್ಚಯವಾಗಿದೆ: ಬಸ್ ವರ್ಕ್‌ಶಾಪಿನ ಮೂಲೆ, ಟಯರ್ ಗೋದಾಮು. ಬಳಕೆಯಲ್ಲಿದ್ದಾರೆ. ಕೆಡವಲು ಕಾರಣವಿಲ್ಲ.